ಆರೋಗ್ಯ ಯೋಜನೆಯ ಪ್ರಯೋಗವನ್ನು ನಂಬುವ ಮುನ್ನ

ಹೆರಿಗೆಗೆ ಬಂದ ತಾಯಿಯ ರಕ್ತದೊತ್ತಡ ನೋಡುವುದು, ಕೈ ತೊಳೆದುಕೊಳ್ಳುವುದು, ಮಗು ಹುಟ್ಟುವ ಮೊದಲೇ ಉಸಿರು ಕೊಡುವ ಚೀಲ ಮತ್ತು ಮಾಸ್ಕನ್ನು ಪಕ್ಕದಲ್ಲಿಟ್ಟುಕೊಳ್ಳುವುದು, ಹುಟ್ಟಿದ ಕೂಡಲೇ ಮಗುವನ್ನು ತಾಯಿಯ ಎದೆಗೆ ಒರಗಿಸುವುದು. ಇವೆಲ್ಲ ಪ್ರತಿಯೊಬ್ಬ ನರ್ಸಿಗೂ ಗೊತ್ತಿರುವ ಕೆಲಸಗಳು. ಆದರೆ ಗದ್ದಲದ ಹೆರಿಗೆ ಕೋಣೆಯಲ್ಲಿ ಒಂದಲ್ಲ ಒಂದು ಬಿಟ್ಟುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇವನ್ನು ಒಂದು ಚೆಕ್‌ಲಿಸ್ಟ್ ಮಾಡಿ, ಕರ್ನಾಟಕದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ ಪರೀಕ್ಷಿಸಿ ನೋಡಿತು. 2012ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಚೆಕ್‌ಲಿಸ್ಟ್ ಬರುವ ಮುಂಚೆ ಗಮನಿಸಿದ 499 ಹೆರಿಗೆಗಳಲ್ಲಿ, ಮಾಡಬೇಕಾದ 29 ಕೆಲಸಗಳ ಪೈಕಿ ಸರಾಸರಿ 10 ಮಾತ್ರ ಆಗುತ್ತಿದ್ದವು. ಬಂದ ಮೇಲೆ ಗಮನಿಸಿದ ಹೆರಿಗೆಗಳಲ್ಲಿ ಸರಾಸರಿ 25 ಆದವು. ಇಷ್ಟು ದೊಡ್ಡ ಜಿಗಿತ ಕಂಡರೆ ಯಾವ ಜಿಲ್ಲಾ ಆರೋಗ್ಯಾಧಿಕಾರಿಗೂ ನಾಳೆಯೇ ಎಲ್ಲ ಕಡೆ ಜಾರಿ ಮಾಡೋಣ ಅನ್ನಿಸುತ್ತದೆ.

ಆಮೇಲೆ ಅದೇ ಚೆಕ್‌ಲಿಸ್ಟನ್ನು ಉತ್ತರ ಪ್ರದೇಶದ 24 ಜಿಲ್ಲೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. ಬೆಟರ್‌ಬರ್ತ್ ಎಂಬುದು ಆ ಪ್ರಯೋಗದ ಹೆಸರು. 120 ಆಸ್ಪತ್ರೆಗಳನ್ನು ಒಂದನ್ನೊಂದು ಹೋಲುವ 60 ಜೋಡಿಗಳಾಗಿ ಮಾಡಿ, ಪ್ರತಿ ಜೋಡಿಯಲ್ಲಿ ಯಾವುದಕ್ಕೆ ಚೆಕ್‌ಲಿಸ್ಟ್ ಮತ್ತು ತರಬೇತಿ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. 1,57,000ಕ್ಕೂ ಹೆಚ್ಚು ತಾಯಂದಿರು ಮತ್ತು ಅವರ ಶಿಶುಗಳ ಲೆಕ್ಕ ಸಿಕ್ಕಿತು. ಹೆರಿಗೆಯಾದ ಏಳು ದಿನಗಳೊಳಗೆ ತಾಯಿಯ ಸಾವು, ಮಗುವಿನ ಸಾವು ಅಥವಾ ತಾಯಿಗೆ ತೀವ್ರ ತೊಂದರೆ, ಇವುಗಳಲ್ಲಿ ಒಂದಾದರೂ ಆದದ್ದು ಚೆಕ್‌ಲಿಸ್ಟ್ ಇದ್ದ ಕಡೆ ಶೇ 15.1, ಇಲ್ಲದ ಕಡೆ ಶೇ 15.3. ಅಂದರೆ ವ್ಯತ್ಯಾಸವೇ ಇಲ್ಲ. 2017ರಲ್ಲಿ ಈ ಫಲಿತಾಂಶ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಾಗ, ಅದಕ್ಕಾಗಿ ವರ್ಷಗಟ್ಟಲೆ ದುಡಿದವರಿಗೆ ಎಷ್ಟು ನಿರಾಸೆಯಾಗಿರಬೇಕು ಎಂದು ಊಹಿಸಬಹುದು.

ಮೊದಲ ವರದಿ ಸುಳ್ಳು, ಎರಡನೆಯದು ನಿಜ ಎಂದು ತೀರ್ಮಾನಿಸುವುದು ಸುಲಭ. ಆದರೆ ಎರಡೂ ಕಡೆ ಅಂಕಿಗಳನ್ನು ಪ್ರಾಮಾಣಿಕವಾಗಿಯೇ ತೆಗೆದಿದ್ದಾರೆ. ಯಾವ ಅಂಕಿ ಯಾವ ಮಾತಿಗೆ ಸಾಕ್ಷಿಯಾಗಬಲ್ಲದು, ಯಾವ ಮಾತಿಗೆ ಆಗಲಾರದು ಎಂಬುದನ್ನು ಗುರುತಿಸಲು ಒಂದು ಕ್ರಮವಿದೆ. ಅದನ್ನೇ ಬಯಾಸ್ ಪರಿಶೀಲನೆ ಎನ್ನುತ್ತಾರೆ. ಸರ್ಕಾರದ ಹಣ ಯಾವ ಆರೋಗ್ಯ ಯೋಜನೆಗೆ ಹೋಗಬೇಕು ಎಂಬ ನಿರ್ಧಾರಗಳು ಇಂಥ ಪ್ರಯೋಗಗಳ ಮೇಲೆ ನಿಲ್ಲುವ ಕಾಲ ಇದು. ಹಾಗಾಗಿ ಈ ಕ್ರಮ ವೈದ್ಯಕೀಯ ಕಾಲೇಜಿನ ಗೋಡೆಯೊಳಗೆ ಉಳಿಯಬಾರದು. ಪತ್ರಕರ್ತರಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ಆರೋಗ್ಯ ಹಕ್ಕಿನ ಕೆಲಸ ಮಾಡುವವರಿಗೆ ಇದು ಗೊತ್ತಿರಲೇಬೇಕು ಎಂದು ನಾನು ನಂಬಿದ್ದೇನೆ.

ವಾಲುವುದು ಎಂದರೇನು

ಅಧ್ಯಯನದ ಫಲಿತಾಂಶ ನಿಜದಿಂದ ದೂರವಾಗುವುದಕ್ಕೆ ಎರಡು ದಾರಿಗಳಿವೆ. ಒಂದು ಆಕಸ್ಮಿಕ. ಕಡಿಮೆ ಜನರನ್ನು ನೋಡಿದರೆ ಲೆಕ್ಕ ಅತ್ತಿತ್ತ ಹೊಯ್ದಾಡುತ್ತದೆ, ಹೆಚ್ಚು ಜನರನ್ನು ನೋಡಿದಂತೆ ಹೊಯ್ದಾಟ ತಗ್ಗುತ್ತದೆ. ಇನ್ನೊಂದು ಬಯಾಸ್, ಅಂದರೆ ಫಲಿತಾಂಶ ಒಂದೇ ದಿಕ್ಕಿಗೆ ವಾಲುವುದು. ತಕ್ಕಡಿಯ ಒಂದು ತಟ್ಟೆಯ ಅಡಿಗೆ ಮಣ್ಣು ಅಂಟಿದ್ದರೆ ನೂರು ಸಲ ತೂಗಿದರೂ ಅದೇ ತಪ್ಪು ಬರುತ್ತದೆ, ಹಾಗೆ. ಹತ್ತು ಲಕ್ಷ ಜನರ ಲೆಕ್ಕವಿದೆ ಎಂಬ ಮಾತ್ರಕ್ಕೆ ಬಯಾಸ್ ಹೋಗುವುದಿಲ್ಲ. ತಪ್ಪು ಉತ್ತರದ ಮೇಲೆ ನಮ್ಮ ವಿಶ್ವಾಸ ಹೆಚ್ಚುತ್ತದೆ ಅಷ್ಟೆ.

ಮಾತ್ರೆಯನ್ನು ಪರೀಕ್ಷಿಸುವಾಗ ಹೋಲಿಕೆಯ ಗುಂಪಿಗೆ ಅದೇ ಬಣ್ಣದ, ಔಷಧವಿಲ್ಲದ ಮಾತ್ರೆ ಕೊಡಬಹುದು. ಯಾರಿಗೆ ಏನು ಸಿಕ್ಕಿದೆ ಎಂದು ರೋಗಿಗೂ ವೈದ್ಯರಿಗೂ ಗೊತ್ತಾಗದಂತೆ ಇಡಬಹುದು. ಆರೋಗ್ಯ ಸೇವೆಯ ಪ್ರಯೋಗದಲ್ಲಿ ಆ ಸೌಕರ್ಯವಿಲ್ಲ. ಪಿಎಚ್‌ಸಿಗೆ ಇನ್ನೊಬ್ಬ ನರ್ಸನ್ನು ಕೊಡುವುದು, ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗುವುದು, ವಿಮೆಯ ಕಾರ್ಡ್ ಹಂಚುವುದು, ಇವು ಎಲ್ಲರ ಕಣ್ಣಿಗೆ ಕಾಣುವ ಕೆಲಸಗಳು. ಜತೆಗೆ ಇಲ್ಲಿ ಗುಂಪು ಮಾಡುವುದು ಒಬ್ಬೊಬ್ಬ ರೋಗಿಯನ್ನಲ್ಲ, ಇಡೀ ಊರನ್ನು ಅಥವಾ ಇಡೀ ಆಸ್ಪತ್ರೆಯನ್ನು. ಇದಕ್ಕೆ ಕ್ಲಸ್ಟರ್ ಟ್ರಯಲ್ ಎಂದು ಹೆಸರು. ಮೂರನೆಯ ಕಷ್ಟ ಇನ್ನೂ ಸೂಕ್ಷ್ಮವಾದದ್ದು. ಫಲಿತಾಂಶವನ್ನು ನಾವು ತೆಗೆಯುವುದು ಯಾವ ರಿಜಿಸ್ಟರಿನಿಂದಲೋ, ಆ ರಿಜಿಸ್ಟರ್ ಬರೆಯುವ ರೀತಿಯನ್ನೇ ಯೋಜನೆ ಬದಲಾಯಿಸಿಬಿಡುತ್ತದೆ.

ಮೊದಲು-ಆಮೇಲೆ ಎಂಬ ಹೋಲಿಕೆ

ನಮ್ಮಲ್ಲಿ ಅತಿ ಹೆಚ್ಚು ಕಾಣಸಿಗುವ ವರದಿ ಇದೇ: ಯೋಜನೆಗೆ ಮುಂಚೆ ಇಷ್ಟಿತ್ತು, ಆಮೇಲೆ ಇಷ್ಟಾಯಿತು. ಇದನ್ನು ನಂಬಬಾರದು ಎಂಬುದಕ್ಕೆ ಅಮೆರಿಕದ ನ್ಯೂಜೆರ್ಸಿಯ ಕ್ಯಾಮ್ಡೆನ್ ನಗರದ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕ್ಯಾಮ್ಡೆನ್ ಬಡ ನಗರ. ಅಲ್ಲಿ ವೈದ್ಯ ಜೆಫ್ರಿ ಬ್ರೆನ್ನರ್ ಒಂದು ಸಂಗತಿ ಗಮನಿಸಿದರು. ಆಸ್ಪತ್ರೆಗಳ ಖರ್ಚಿನ ದೊಡ್ಡ ಪಾಲು ಕೆಲವೇ ರೋಗಿಗಳಿಗಾಗಿ ಆಗುತ್ತಿತ್ತು. ಅವರು ಪದೇಪದೇ ದಾಖಲಾಗುವವರು, ಹಲವು ಕಾಯಿಲೆ ಇದ್ದವರು, ಅನೇಕರಿಗೆ ಸರಿಯಾದ ಮನೆಯೂ ಇರಲಿಲ್ಲ. ಇವರು ಆಸ್ಪತ್ರೆಯಿಂದ ಬಿಡುಗಡೆಯಾದ ಕೂಡಲೇ ನರ್ಸ್, ಸಮಾಜ ಕಾರ್ಯಕರ್ತರ ತಂಡವೊಂದು ಮನೆಗೆ ಹೋಗಿ, ಮಾತ್ರೆ ಹೊಂದಿಸಿ, ವೈದ್ಯರ ಭೇಟಿ ಗೊತ್ತುಮಾಡಿ, ಜತೆಗೆ ನಿಲ್ಲುವ ವ್ಯವಸ್ಥೆಯನ್ನು ಅವರು ಕಟ್ಟಿದರು. ಅತುಲ್ ಗವಾಂಡೆ 2011ರಲ್ಲಿ ಈ ಕುರಿತು ನ್ಯೂಯಾರ್ಕರ್ ಪತ್ರಿಕೆಯಲ್ಲಿ ಬರೆದ ಮೇಲೆ ದೇಶದ ಬೇರೆ ಬೇರೆ ಕಡೆ ಇದರ ಅನುಕರಣೆ ನಡೆಯಿತು. ಉತ್ತರ ಪ್ರದೇಶದ ಹೆರಿಗೆ ಚೆಕ್‌ಲಿಸ್ಟ್ ಪ್ರಯೋಗದ ಹಿಂದಿದ್ದವರೂ ಇದೇ ಗವಾಂಡೆ.

ಕ್ಯಾಮ್ಡೆನ್‌ನವರು ಮೆಚ್ಚಬೇಕಾದ ಒಂದು ಕೆಲಸ ಮಾಡಿದರು. ಹೊಗಳಿಕೆಗೆ ತೃಪ್ತರಾಗದೆ ತಮ್ಮ ಯೋಜನೆಯನ್ನೇ ಪರೀಕ್ಷೆಗೆ ಒಡ್ಡಿದರು. ಅರ್ಥಶಾಸ್ತ್ರಜ್ಞೆ ಏಮಿ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು 800 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಂಡದ ಸೇವೆ, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ. ಸೇವೆ ಪಡೆದವರನ್ನು ಮಾತ್ರ ನೋಡಿದರೆ, ಹಿಂದಿನ ಆರು ತಿಂಗಳಿಗೆ ಹೋಲಿಸಿದಾಗ ಅವರು ಆಸ್ಪತ್ರೆ ಸೇರುವುದು ಶೇ 40ರ ಹತ್ತಿರ ಕಡಿಮೆಯಾಗಿತ್ತು. ಆದರೆ ಏನೂ ವಿಶೇಷ ಸೇವೆ ಸಿಗದ ಗುಂಪಿನಲ್ಲೂ ಅಷ್ಟೇ ಕಡಿಮೆಯಾಗಿತ್ತು. 180 ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರಿದವರು ಸೇವೆಯ ಗುಂಪಿನಲ್ಲಿ ಶೇ 62.3, ಹೋಲಿಕೆಯ ಗುಂಪಿನಲ್ಲಿ ಶೇ 61.7. ಇದು 2020ರಲ್ಲಿ ಪ್ರಕಟವಾಯಿತು.

ಹೀಗಾಗಲು ಕಾರಣ ರೋಗಿಗಳನ್ನು ಆರಿಸಿದ ಗಳಿಗೆ. ಅವರ ಆರೋಗ್ಯ ತೀರಾ ಕೆಟ್ಟಿದ್ದಾಗ, ಪದೇಪದೇ ದಾಖಲಾಗುತ್ತಿದ್ದಾಗಲೇ ಅವರನ್ನು ಹಿಡಿದು ಯೋಜನೆಗೆ ಸೇರಿಸಲಾಗಿತ್ತು. ಮನುಷ್ಯನ ಕಾಯಿಲೆ ಏರಿಳಿಯುತ್ತಲೇ ಇರುತ್ತದೆ. ಏರಿನ ತುದಿಯಲ್ಲಿ ಹಿಡಿದರೆ ಮುಂದಿನದು ಬಹುತೇಕ ಇಳಿತವೇ. ಏನು ಮಾಡಿದರೂ, ಮಾಡದಿದ್ದರೂ ಇಳಿಯುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವುದು ಎನ್ನುತ್ತಾರೆ. ಡೆಂಗಿ ವಿಪರೀತ ಏರಿದ ವಾರ್ಡನ್ನು ಆರಿಸಿ ಅಲ್ಲಿ ಔಷಧ ಸಿಂಪಡಿಸಿದರೂ, ತಾಯಿ ಮರಣ ಅತಿ ಹೆಚ್ಚಿದ್ದ ತಾಲ್ಲೂಕನ್ನು ಆರಿಸಿ ಅಭಿಯಾನ ಮಾಡಿದರೂ ಇದೇ ಆಟ ನಡೆಯುತ್ತದೆ. ಆದ್ದರಿಂದ ಯಾವುದೇ ಮೊದಲು-ಆಮೇಲೆ ವರದಿ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಈ ಜನರನ್ನು ಅಥವಾ ಈ ಊರನ್ನು ಯಾವ ಗಳಿಗೆಯಲ್ಲಿ, ಏಕೆ ಆರಿಸಿದಿರಿ?

ಚೀಟಿ ಎತ್ತಿದ ಮೇಲೆ

ಹೋಲಿಕೆಯ ಗುಂಪು ಇದ್ದು, ಅದನ್ನು ಚೀಟಿ ಎತ್ತಿಯೇ ಮಾಡಿದ್ದರೂ ಕೆಲಸ ಅರ್ಧದಷ್ಟು ಮಾತ್ರ ಮುಗಿದಿರುತ್ತದೆ. ಮುಂದಿನ ಚೀಟಿಯಲ್ಲಿ ಏನಿದೆ ಎಂದು ರೋಗಿಯನ್ನು ಸೇರಿಸಿಕೊಳ್ಳುವವರಿಗೆ ಮೊದಲೇ ತಿಳಿಯಬಾರದು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಕ್ಷಯರೋಗ ಪ್ರಯೋಗದಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಇದಕ್ಕಾಗಿಯೇ ಮುಚ್ಚಿದ ಲಕೋಟೆಗಳನ್ನು ಬಳಸಿದ್ದರು. ರೋಗಿಯನ್ನು ಸೇರಿಸುವುದು ಖಚಿತವಾದ ಮೇಲೆಯೇ ಲಕೋಟೆ ಒಡೆಯಬೇಕಿತ್ತು. ಗೊತ್ತಾದರೆ ಏನಾಗುತ್ತದೆ ಎಂದರೆ, ಕರುಣೆಯುಳ್ಳ ವೈದ್ಯರು ತುಂಬ ನರಳುತ್ತಿರುವ ರೋಗಿಯನ್ನು ಹೊಸ ಚಿಕಿತ್ಸೆಯ ಸರದಿ ಬರುವ ತನಕ ಕಾಯಿಸುತ್ತಾರೆ. ಅವರ ಉದ್ದೇಶ ಒಳ್ಳೆಯದೇ, ಆದರೆ ಎರಡು ಗುಂಪುಗಳು ಅಷ್ಟರಿಂದಲೇ ಬೇರೆಬೇರೆಯಾಗಿಬಿಡುತ್ತವೆ.

ಕ್ಲಸ್ಟರ್ ಟ್ರಯಲ್‌ನಲ್ಲಿ ಈ ಅಪಾಯ ದೊಡ್ಡದು. ಇದನ್ನು ತುಸು ನಿಧಾನವಾಗಿ ನೋಡಬೇಕು. ಇಪ್ಪತ್ತು ಪಿಎಚ್‌ಸಿಗಳಿವೆ, ಹತ್ತಕ್ಕೆ ರಕ್ತದೊತ್ತಡದ ಸಲಹಾ ಕಾರ್ಯಕ್ರಮ ಬಂತು ಎಂದುಕೊಳ್ಳೋಣ. ಯಾವ ಪಿಎಚ್‌ಸಿಗೆ ಕಾರ್ಯಕ್ರಮ ಎಂದು ಮೊದಲು ಚೀಟಿ ಎತ್ತುತ್ತಾರೆ. ಆಮೇಲೆ ಆಯಾ ಪಿಎಚ್‌ಸಿಯವರು ತಮ್ಮ ರೋಗಿಗಳನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತಾರೆ. ತಮಗೆ ಕಾರ್ಯಕ್ರಮ ಸಿಕ್ಕಿದೆ ಎಂದು ಗೊತ್ತಿರುವ ಆಶಾ ಕಾರ್ಯಕರ್ತೆ ಹುರುಪಿನಿಂದ ಮನೆಮನೆ ಹುಡುಕಿ, ತಲೆಸುತ್ತು ಮಾತ್ರ ಇರುವ ಹೊಸ ರೋಗಿಗಳನ್ನೂ ಕರೆತರುತ್ತಾಳೆ. ಕಾರ್ಯಕ್ರಮ ಇಲ್ಲದ ಪಿಎಚ್‌ಸಿಯಲ್ಲಿ ವರ್ಷಗಳಿಂದ ಮಾತ್ರೆ ಒಯ್ಯುತ್ತಿರುವ ಹಳೆಯ, ಗಟ್ಟಿ ಕಾಯಿಲೆಯವರ ಹೆಸರಷ್ಟೇ ಬರೆದುಕೊಳ್ಳುತ್ತಾರೆ. ವರ್ಷದ ಕೊನೆಗೆ ಮೊದಲ ಗುಂಪಿನ ಒತ್ತಡ ಕಡಿಮೆ ಇದ್ದರೆ ಅದು ಸಲಹೆಯ ಫಲವೋ, ಸೇರಿಸಿಕೊಂಡ ರೀತಿಯ ಫಲವೋ ಯಾರೂ ಹೇಳಲಾರರು.

ಬ್ರಿಟನ್ನಿನಲ್ಲಿ ಬೆನ್ನುನೋವಿನ ಚಿಕಿತ್ಸೆಯನ್ನು ಪರೀಕ್ಷಿಸಿದ ಯುಕೆ ಬೀಮ್ ಪ್ರಯೋಗದ ಆರಂಭಿಕ ಹಂತದಲ್ಲಿ ನಿಜವಾಗಿಯೂ ಹೀಗಾಯಿತು. ತರಬೇತಿ ಸಿಕ್ಕ ಚಿಕಿತ್ಸಾಲಯಗಳು ಉಳಿದವುಗಳಿಗಿಂತ ಬಹಳ ಹೆಚ್ಚು ರೋಗಿಗಳನ್ನು ಸೇರಿಸಿದವು, ಹಾಗೆ ಬಂದವರ ನೋವೂ ಹಗುರವಾಗಿತ್ತು. ಸಂಶೋಧಕರು ಇದನ್ನು ಮುಚ್ಚಿಡದೆ ಬರೆದರು, ಮುಖ್ಯ ಪ್ರಯೋಗದಲ್ಲಿ ಚಿಕಿತ್ಸಾಲಯಗಳನ್ನು ಚೀಟಿಗೆ ಹಾಕುವುದನ್ನೇ ಕೈಬಿಟ್ಟರು. ಈ ದೋಷಕ್ಕೆ ಪರಿಹಾರ ಕಷ್ಟದ್ದೇನಲ್ಲ. ಮೊದಲು ಎಲ್ಲ ಕಡೆ ಹೆಸರುಪಟ್ಟಿ ಮಾಡಿ ಮುಗಿಸಿ, ಆಮೇಲೆ ಚೀಟಿ ಎತ್ತಿದರೆ ಆಯಿತು. ಅದು ಆಗದಿದ್ದಲ್ಲಿ ಸೇರಿಸಿಕೊಳ್ಳುವ ಕೆಲಸವನ್ನು ಯಾವ ಊರಿಗೆ ಏನು ಸಿಕ್ಕಿದೆ ಎಂದು ತಿಳಿಯದವರಿಗೆ ವಹಿಸಬೇಕು, ಇಲ್ಲವೇ ಬೆಟರ್‌ಬರ್ತ್ ತರಹ ಬಂದ ಹೆರಿಗೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರಬಂಧ ಓದುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂದು ದಿನಾಂಕ ಹುಡುಕಿ. ಎರಡು ಗುಂಪಿನಲ್ಲಿ ಸೇರಿದವರ ಸಂಖ್ಯೆ ಬಹಳ ಬೇರೆಯಾಗಿದ್ದರೆ ಅದೇ ಮೊದಲ ಸುಳಿವು.

ಕ್ಲಸ್ಟರ್ ಲೆಕ್ಕದಲ್ಲಿ ಇನ್ನೊಂದು ಅಂಶವಿದೆ. ಇದು ಬಯಾಸ್ ಅಲ್ಲದಿದ್ದರೂ ಅಷ್ಟೇ ಮೋಸ ಮಾಡುತ್ತದೆ. ಒಂದೇ ಪಿಎಚ್‌ಸಿಯ ರೋಗಿಗಳು ಒಬ್ಬರನ್ನೊಬ್ಬರು ಹೋಲುತ್ತಾರೆ. ಡಾಕ್ಟರು ಅವರೇ, ನೀರು ಅದೇ, ರಸ್ತೆ ಅದೇ. ಈ ಹೋಲಿಕೆಯ ಪ್ರಮಾಣ 0.02 ಎಂಬಷ್ಟು ಸಣ್ಣದಿದ್ದು, ಪ್ರತಿ ಪಿಎಚ್‌ಸಿಯಿಂದ 100 ಜನರನ್ನು ತೆಗೆದುಕೊಂಡರೂ ಲೆಕ್ಕ ಹೀಗೆ: 99ನ್ನು 0.02ರಿಂದ ಗುಣಿಸಿ 1 ಕೂಡಿಸಿ, 2.98 ಬರುತ್ತದೆ. ಅಂದರೆ 3,000 ರೋಗಿಗಳಿದ್ದರೂ ಸುಮಾರು 1,000 ಜನರ ಅಧ್ಯಯನದಷ್ಟೇ ಬಲ. ಇದನ್ನು ಮರೆತು ಲೆಕ್ಕ ಹಾಕಿದ ಪ್ರಬಂಧ ತನಗಿಲ್ಲದ ಖಚಿತತೆಯನ್ನು ತೋರಿಸಿಕೊಳ್ಳುತ್ತದೆ.

ಸೇರಿದವರು, ಸೇರದವರು

ಯೋಜನೆಯ ಲಾಭ ಅಳೆಯಲು ಅದನ್ನು ಬಳಸಿದವರನ್ನೂ ಬಳಸದವರನ್ನೂ ಹೋಲಿಸುವುದು ಸಹಜ ಅನ್ನಿಸುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ತನ್ನ 4,834 ಉದ್ಯೋಗಿಗಳ ಮೇಲೆ ನಡೆಸಿದ ಪ್ರಯೋಗ ಈ ಹೋಲಿಕೆಯನ್ನು ಶಾಶ್ವತವಾಗಿ ಮುರಿದು ಹಾಕಿತು ಎಂದೇ ಹೇಳಬೇಕು. 3,300 ಜನರಿಗೆ ಆರೋಗ್ಯ ತಪಾಸಣೆ, ವ್ಯಾಯಾಮ, ಧೂಮಪಾನ ಬಿಡಿಸುವ ತರಗತಿಗಳ ಅವಕಾಶ ಕೊಟ್ಟರು, 1,534 ಜನರಿಗೆ ಕೊಡಲಿಲ್ಲ. ಚೀಟಿಯ ಪ್ರಕಾರ ಹೋಲಿಸಿದಾಗ ಚಿಕಿತ್ಸೆಯ ವೆಚ್ಚದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ಅಂಕಿಗಳನ್ನು ಇಟ್ಟುಕೊಂಡು, ಅವಕಾಶ ಸಿಕ್ಕವರಲ್ಲೇ ಭಾಗವಹಿಸಿದವರನ್ನೂ ಭಾಗವಹಿಸದವರನ್ನೂ ಹೋಲಿಸಿದಾಗ ಕಾರ್ಯಕ್ರಮದಿಂದ ಹಣ ಉಳಿದ ಹಾಗೆ ಕಂಡಿತು. ಭಾಗವಹಿಸಿದವರು ಕಾರ್ಯಕ್ರಮಕ್ಕೆ ಮುಂಚೆಯೇ ಹೆಚ್ಚು ಆರೋಗ್ಯವಂತರಾಗಿದ್ದರು, ಮುಂಚೆಯೇ ಕಡಿಮೆ ಖರ್ಚು ಮಾಡುತ್ತಿದ್ದರು. 2019ರಲ್ಲಿ ಬಂದ ಈ ವರದಿಯಲ್ಲಿ ಜನ ಅವರೇ, ಕಾರ್ಯಕ್ರಮ ಅದೇ. ಹೋಲಿಸುವ ರೀತಿ ಬದಲಾದ ಕೂಡಲೇ ಉತ್ತರ ಬದಲಾಯಿತು.

ಕರ್ನಾಟಕದ ಗುಲ್ಬರ್ಗ ಮತ್ತು ಮೈಸೂರು ಭಾಗದಲ್ಲಿ 2015ರಿಂದ 2018ರವರೆಗೆ ನಡೆದ ಆರೋಗ್ಯ ವಿಮೆಯ ಪ್ರಯೋಗವನ್ನು ಓದಲು ಈ ತಿಳಿವಳಿಕೆ ಬೇಕೇ ಬೇಕು. 10,879 ಕುಟುಂಬಗಳ ಆ ಪ್ರಯೋಗದಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆಯನ್ನು, ಅದಕ್ಕೆ ಮೊದಲು ಅರ್ಹರಲ್ಲದ ಬಡತನ ರೇಖೆಗಿಂತ ಮೇಲಿನ ಕುಟುಂಬಗಳಿಗೆ ವಿಸ್ತರಿಸಿ ನೋಡಿದರು. ಕೆಲವರಿಗೆ ವಿಮೆ ಉಚಿತ, ಕೆಲವರಿಗೆ ಹಣ ಕೊಟ್ಟು ಕೊಳ್ಳುವ ಅವಕಾಶ, ಕೆಲವರಿಗೆ ಕೊಳ್ಳುವ ಅವಕಾಶದ ಜತೆ ಕೈಗೆ ನಗದು, ಕೆಲವರಿಗೆ ಏನೂ ಇಲ್ಲ. ಉಚಿತ ಗುಂಪಿನಲ್ಲಿ ಸೇರಿದವರು ಶೇ 78.71, ಕೊಳ್ಳಬೇಕಾದ ಗುಂಪಿನಲ್ಲಿ ಶೇ 59.91. ಇಲ್ಲಿ ಸೇರಿದ ಕುಟುಂಬಗಳನ್ನು ಸೇರದ ಕುಟುಂಬಗಳ ಜತೆ ಹೋಲಿಸಿದರೆ ಇಲಿನಾಯ್‌ನ ಭ್ರಮೆಯೇ ಮರುಕಳಿಸುತ್ತದೆ. ಚೀಟಿಯಲ್ಲಿ ಯಾವ ಗುಂಪಿಗೆ ಬಿದ್ದರೋ ಆ ಗುಂಪಿನಲ್ಲೇ, ಕಾರ್ಡ್ ಮಾಡಿಸದವರನ್ನೂ ಇಟ್ಟುಕೊಂಡು ಎಣಿಸಬೇಕು. ಒಳ್ಳೆಯ ವರದಿ ಈ ಲೆಕ್ಕವನ್ನು ಮೊದಲು ಕೊಡುತ್ತದೆ.

ಅಳೆಯುವವರು ಯಾರು

ಹೆರಿಗೆ ಚೆಕ್‌ಲಿಸ್ಟಿಗೆ ಮರಳೋಣ. ಕರ್ನಾಟಕದ ಮೊದಲ ಪರೀಕ್ಷೆಯಲ್ಲಿ ಹೋಲಿಕೆಯ ಆಸ್ಪತ್ರೆ ಇರಲಿಲ್ಲ ಎಂಬುದು ಒಂದು ಕೊರತೆ. ಅಳೆದದ್ದು ನರ್ಸುಗಳು ಮಾಡಿದ ಕೆಲಸಗಳನ್ನು ಎಂಬುದು ಇನ್ನೊಂದು ಮಿತಿ. ಪಕ್ಕದಲ್ಲಿ ಯಾರೋ ನಿಂತು ಗುರುತು ಹಾಕಿಕೊಳ್ಳುತ್ತಿದ್ದರೆ ಯಾರೇ ಆಗಲಿ ಕೈ ತೊಳೆಯುವುದನ್ನು ಮರೆಯುವುದಿಲ್ಲ. ಬೆಟರ್‌ಬರ್ತ್ ತಂಡ ಇದನ್ನು ಬಲ್ಲದ್ದರಿಂದ ಎರಡೂ ಬಗೆಯ ಆಸ್ಪತ್ರೆಗಳಲ್ಲಿ ಸ್ವತಂತ್ರ ವೀಕ್ಷಕರನ್ನು ಇಟ್ಟಿತು. ಪ್ರಯೋಗ ಶುರುವಾದ ಎರಡು ತಿಂಗಳಿಗೆ ಚೆಕ್‌ಲಿಸ್ಟ್ ಇದ್ದ ಕಡೆ ಶೇ 72.8ರಷ್ಟು ಕೆಲಸಗಳು ಆಗುತ್ತಿದ್ದವು, ಇಲ್ಲದ ಕಡೆ ಶೇ 41.7. ಎಂಟು ತಿಂಗಳ ತರಬೇತಿ ನಿಂತು ನಾಲ್ಕು ತಿಂಗಳಾದ ಮೇಲೆ ನೋಡಿದರೆ ಶೇ 61.7 ಮತ್ತು ಶೇ 43.9. ಅಂತರ ತಗ್ಗಿದೆ, ಆದರೆ ಇದೆ. ವೀಕ್ಷಕರು ಹಾಜರಿರುವಾಗ ಕಂಡ ಅಂತರ ಅವರು ಹೋದ ಮೇಲೂ ಅಷ್ಟೇ ಇರುತ್ತಿತ್ತೇ ಎಂಬ ಅನುಮಾನ ಮಾತ್ರ ಉಳಿಯುತ್ತದೆ.

ತಾಯಿ-ಮಗು ಬದುಕಿದ್ದಾರೆಯೇ ಎಂಬ ಅಂಕಿಯಲ್ಲಿ ಈ ಅನುಮಾನಕ್ಕೆ ಜಾಗ ಬಹಳ ಕಡಿಮೆ. ಅದು ನೋಡುವವರ ಕಣ್ಣಿಗೆ ತಕ್ಕಂತೆ ಬದಲಾಗುವಂಥದ್ದಲ್ಲ, ಮೇಲಾಗಿ ಶೇ 99.7ರಷ್ಟು ತಾಯಂದಿರ ವಿಷಯ ತಿಳಿದುಬಂದಿತ್ತು. ಇಲ್ಲಿಯೇ ಬಯಾಸ್ ಪರಿಶೀಲನೆಯ ತಿರುಳು ಇದೆ ಎಂದು ನನ್ನ ಅಭಿಪ್ರಾಯ. ಇಡೀ ಪ್ರಯೋಗಕ್ಕೆ ಒಳ್ಳೆಯದು, ಕೆಟ್ಟದ್ದು ಎಂದು ಮುದ್ರೆ ಒತ್ತಬಾರದು. ಒಂದೇ ಪ್ರಯೋಗದಲ್ಲಿ ಸಾವಿನ ಲೆಕ್ಕ ಗಟ್ಟಿಯಾಗಿರಬಹುದು, ನಡವಳಿಕೆಯ ಲೆಕ್ಕ ಸಡಿಲವಾಗಿರಬಹುದು, ತಾಯಿಗೆ ತೊಂದರೆಯಾಯಿತೇ ಎಂದು ವಾರಗಳ ನಂತರ ನೆನಪಿನಿಂದ ಹೇಳಿಸಿದ ಲೆಕ್ಕ ಇವೆರಡರ ನಡುವೆ ಎಲ್ಲೋ ನಿಲ್ಲಬಹುದು. ಒಂದೊಂದು ಫಲಿತಾಂಶವನ್ನೂ ಬೇರೆಬೇರೆಯಾಗಿ ತೂಗಬೇಕು.

ಅಳತೆಯ ದೋಷ ಯೋಜನೆಯ ವಿರುದ್ಧವೂ ವಾಲಬಲ್ಲದು. ಮನೆಮನೆ ತಪಾಸಣೆ ನಡೆಯುವ ಊರಿನಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಏರುತ್ತದೆ. ಕಾಯಿಲೆ ಹೆಚ್ಚಿದ್ದಲ್ಲ, ಕಣ್ಣಿಗೆ ಬಿದ್ದದ್ದು ಹೆಚ್ಚಿತು. ನವಜಾತ ಶಿಶುಗಳ ಸಾವನ್ನು ಆಶಾ ಕಾರ್ಯಕರ್ತೆಯರು ಶ್ರದ್ಧೆಯಿಂದ ದಾಖಲಿಸುವ ಊರು, ದಾಖಲೆಯೇ ಇಡದ ಊರಿಗಿಂತ ಕೆಟ್ಟದಾಗಿ ಕಾಣುತ್ತದೆ. ಆದ್ದರಿಂದ ಎರಡು ಗುಂಪಿನಲ್ಲೂ ಒಂದೇ ರೀತಿ, ಒಂದೇ ಶ್ರದ್ಧೆಯಿಂದ, ಸಾಧ್ಯವಾದರೆ ಯೋಜನೆಗೆ ಸಂಬಂಧಿಸದವರಿಂದ ಎಣಿಸಿದ್ದಾರೆಯೇ ನೋಡಿ.

ಕೈತಪ್ಪಿ ಹೋದವರ ಲೆಕ್ಕದಲ್ಲಿ ನಮ್ಮ ನೆಲಕ್ಕೆ ತನ್ನದೇ ಒಂದು ಸಂಗತಿ ಇದೆ. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಗಂಡನ ಊರಿನಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡ ಅಧ್ಯಯನ ಹೆರಿಗೆಯ ಹೊತ್ತಿಗೆ ಅವರನ್ನು ಕಳೆದುಕೊಳ್ಳುತ್ತದೆ. ಎರಡೂ ಗುಂಪಿನಿಂದ ಒಂದೇ ಕಾರಣಕ್ಕೆ, ಒಂದೇ ಪ್ರಮಾಣದಲ್ಲಿ ಹೋದರೆ ಹೆಚ್ಚು ಹಾನಿಯಿಲ್ಲ. ಆದರೆ ಒಳ್ಳೆಯ ಸೇವೆ ಸಿಗುವ ಊರಿನವರು ಇಲ್ಲೇ ಉಳಿದು, ಸೇವೆ ಇಲ್ಲದ ಊರಿನವರು ಮಾತ್ರ ತವರಿಗೆ ಹೋದರೆ ಉಳಿದವರ ಹೋಲಿಕೆಗೆ ಅರ್ಥವಿಲ್ಲ. ಗುಳೆ ಹೋಗುವ ಕುಟುಂಬಗಳ ವಿಷಯವೂ ಇದೇ. ಎಷ್ಟು ಜನ ಸಿಗಲಿಲ್ಲ ಎಂಬ ಅಂಕಿಯ ಜತೆಗೆ ಯಾರು, ಏಕೆ ಸಿಗಲಿಲ್ಲ ಎಂಬ ಉತ್ತರ ವರದಿಯಲ್ಲಿ ಇರಬೇಕು.

ಬರೆದದ್ದರಲ್ಲಿ ಆರಿಸಿಕೊಂಡದ್ದು

ಗುಲ್ಬರ್ಗ-ಮೈಸೂರು ವಿಮೆ ಪ್ರಯೋಗದಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ 82 ಫಲಿತಾಂಶಗಳನ್ನು ಅಳೆದರು. ಇಷ್ಟೊಂದು ಅಳೆದರೆ, ವಿಮೆಯಿಂದ ಏನೇನೂ ಆಗದಿದ್ದರೂ, ನೂರಕ್ಕೆ ಐದು ಎಂಬ ಮಾಮೂಲಿ ಮಿತಿಯಲ್ಲಿ ಸರಾಸರಿ ನಾಲ್ಕು ಫಲಿತಾಂಶಗಳು ಆಕಸ್ಮಿಕವಾಗಿ ಮಹತ್ವದ್ದಾಗಿ ಕಾಣುತ್ತವೆ. ಆ ನಾಲ್ಕನ್ನು ಮಾತ್ರ ಬರೆದಿದ್ದರೆ ವಿಮೆ ಆರೋಗ್ಯ ಸುಧಾರಿಸಿತು ಎಂಬ ಶೀರ್ಷಿಕೆ ಸಿಗುತ್ತಿತ್ತು. ಸಂಶೋಧಕರು ಎಲ್ಲವನ್ನೂ ಪ್ರಕಟಿಸಿ, ಹಲವು ಪರೀಕ್ಷೆಗಳ ದೋಷಕ್ಕೆ ತಿದ್ದುಪಡಿ ಮಾಡಿ, ಆರೋಗ್ಯದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ ಎಂದರು. ಕಾರ್ಡ್ ಇದ್ದೂ ಅದನ್ನು ಆಸ್ಪತ್ರೆಯಲ್ಲಿ ಬಳಸಲಾಗದೆ ಮರಳಿದವರಿದ್ದರು ಎಂಬುದನ್ನೂ ಬರೆದರು.

ನಾವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಭಾರತದ ಪ್ರಯೋಗಗಳ ನೋಂದಣಿ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ 2007ರಿಂದ ಇದೆ, ಯಾರು ಬೇಕಾದರೂ ನೋಡಬಹುದು. ನೋಂದಣಿ ಆದದ್ದು ಮೊದಲ ರೋಗಿ ಸೇರುವ ಮುಂಚೆಯೋ ಆಮೇಲೋ? ಅಂದು ಮುಖ್ಯ ಫಲಿತಾಂಶ ಎಂದು ಬರೆದದ್ದೇ ಪ್ರಬಂಧದಲ್ಲೂ ಮುಖ್ಯವಾಗಿದೆಯೋ, ಇಲ್ಲಾ ನಡುವೆ ಬದಲಾಗಿದೆಯೋ? ಅರ್ಧ ಗಂಟೆಯ ಈ ಕೆಲಸದಿಂದ ಸಿಗುವಷ್ಟು ತಿಳಿವಳಿಕೆ ಎಷ್ಟೋ ಸಲ ಇಡೀ ಪ್ರಬಂಧ ಓದಿದರೂ ಸಿಗುವುದಿಲ್ಲ.

ಈವರೆಗೆ ನೋಡಿದ, ಬಯಾಸ್ ನುಸುಳುವ ಬಾಗಿಲುಗಳನ್ನೇ ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಆರ್‌ಒಬಿ-2 ಎಂಬ ಸಾಧನ ಐದು ವಿಭಾಗಗಳಲ್ಲಿ ಪರಿಶೀಲಿಸುತ್ತದೆ: ಚೀಟಿ ಎತ್ತಿದ ರೀತಿ, ನಿಗದಿಯಾದ ಸೇವೆಯಿಂದ ಆದ ಬದಲಾವಣೆಗಳು, ಸಿಗದೆಹೋದ ಅಂಕಿಗಳು, ಅಳತೆ, ವರದಿಗೆ ಆರಿಸಿಕೊಂಡ ಫಲಿತಾಂಶ. ಕ್ಲಸ್ಟರ್ ಟ್ರಯಲ್‌ಗೆ ಜನರನ್ನು ಯಾವಾಗ, ಹೇಗೆ ಸೇರಿಸಿದರು ಎಂಬ ಇನ್ನೊಂದು ವಿಭಾಗ ಸೇರುತ್ತದೆ. 2019ರಲ್ಲಿ ಬಂದ ಈ ಸಾಧನದಲ್ಲಿ ಪ್ರತಿ ವಿಭಾಗಕ್ಕೂ ಕಡಿಮೆ ಅಪಾಯ, ಒಂದಿಷ್ಟು ಅನುಮಾನ, ಹೆಚ್ಚು ಅಪಾಯ ಎಂಬ ಮೂರರಲ್ಲಿ ಒಂದು ತೀರ್ಪು. ಅಂಕಗಳನ್ನು ಕೂಡಿಸುವಂತಿಲ್ಲ. ನಾಲ್ಕರಲ್ಲಿ ಚೆನ್ನಾಗಿದ್ದು ಒಂದರಲ್ಲಿ ತೀರಾ ಕೆಟ್ಟಿದ್ದರೆ ಆ ಫಲಿತಾಂಶದ ಒಟ್ಟು ತೀರ್ಪು ಹೆಚ್ಚು ಅಪಾಯ ಎಂದೇ.

ಚೀಟಿಯೇ ಇಲ್ಲದಾಗ

ಸರ್ಕಾರಗಳು ಬಹುಮಟ್ಟಿಗೆ ಚೀಟಿ ಎತ್ತಿ ಯೋಜನೆ ಕೊಡುವುದಿಲ್ಲ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಶುರುವಾಗಿ ಆಮೇಲೆ ಉಳಿದ ಕಡೆಗೆ ಬಂತು. ಹೃದ್ರೋಗ, ಕ್ಯಾನ್ಸರ್‌ನಂಥ ದುಬಾರಿ ಚಿಕಿತ್ಸೆಗೆ ಬಿಪಿಎಲ್ ಕುಟುಂಬಗಳಿಗೆ ನೆರವಾಗುವ ಯೋಜನೆ ಅದಾಗಿತ್ತು. ಸಂಶೋಧಕರು ಯೋಜನೆ ಬಂದಿದ್ದ 300 ಹಳ್ಳಿಗಳನ್ನು, ಗಡಿಯ ಆಚೆ ಇನ್ನೂ ಬಂದಿರದ 272 ಹಳ್ಳಿಗಳೊಂದಿಗೆ ಹೋಲಿಸಿದರು. ಯೋಜನೆಯಲ್ಲಿ ಸೇರಿದ ಕಾಯಿಲೆಗಳಿಂದ ಬಿಪಿಎಲ್ ಕುಟುಂಬಗಳಲ್ಲಿ ಆದ ಸಾವು ಈಚೆ ಶೇ 0.32, ಆಚೆ ಶೇ 0.90. 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಗಡಿಯ ಈಚೆ-ಆಚೆ ಮೊದಲಿನಿಂದಲೂ ಬೇರೆಬೇರೆ ಇದ್ದಿರಬಹುದಲ್ಲವೇ ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. ಅದಕ್ಕೆ ಅವರು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಅದೇ ಹಳ್ಳಿಗಳ ಎಪಿಎಲ್ ಕುಟುಂಬಗಳನ್ನು ನೋಡಿದರು. ಅವರಿಗೆ ಎರಡೂ ಕಡೆ ಯೋಜನೆ ಇರಲಿಲ್ಲ. ಆಸ್ಪತ್ರೆ, ರಸ್ತೆ, ನೀರಿನ ವ್ಯತ್ಯಾಸದಿಂದ ಸಾವು ಕಡಿಮೆಯಾಗಿದ್ದರೆ ಅವರಲ್ಲೂ ಕಡಿಮೆಯಾಗಬೇಕಿತ್ತು. ಅವರಲ್ಲಿ ಶೇ 0.56 ಮತ್ತು ಶೇ 0.55, ಅಂದರೆ ವ್ಯತ್ಯಾಸವಿಲ್ಲ. ಯೋಜನೆ ಮುಟ್ಟಬಾರದವರನ್ನು ಅದು ಮುಟ್ಟಿಲ್ಲ ಎಂದು ತೋರಿಸುವ ಇಂಥ ಪರೀಕ್ಷೆ, ಚೀಟಿ ಇಲ್ಲದ ಯಾವ ಅಧ್ಯಯನದಲ್ಲೂ ಹುಡುಕಬೇಕಾದದ್ದು. ಆದರೂ ಎಲ್ಲ ಪ್ರಶ್ನೆಗಳು ಇದರಿಂದ ಮುಗಿಯುವುದಿಲ್ಲ. ಸಾವಿನ ಕಾರಣವನ್ನು ಮನೆಯವರ ಮಾತಿನಿಂದ ಗುರುತಿಸುವಾಗ ಎಡವುವ ಸಾಧ್ಯತೆ ಇದ್ದೇ ಇದೆ, ಮೂರನೇ ಎರಡರಷ್ಟು ಇಳಿಕೆ ವಿಮೆಯೊಂದರಿಂದ ಆದದ್ದೆಂದರೆ ಅದು ಅಸಾಮಾನ್ಯ ದೊಡ್ಡ ಪರಿಣಾಮ. ಯೋಜನೆಗೆ ಲಾಭವಿದೆ ಎಂಬ ಮಾತನ್ನು ನಾನು ಒಪ್ಪುತ್ತೇನೆ, ಅಷ್ಟು ಲಾಭ ಎಂಬುದನ್ನು ಎಚ್ಚರದಿಂದ ನೋಡುತ್ತೇನೆ. ಇಂಥ ಅಧ್ಯಯನಗಳಿಗೆ ರಾಬಿನ್ಸ್-ಐ ಎಂಬ ಪ್ರತ್ಯೇಕ ಸಾಧನ 2016ರಿಂದ ಇದೆ. ಕಾಲಕ್ರಮದ ಅಂಕಿಗಳನ್ನು ನೋಡುವ ಅಧ್ಯಯನವಾದರೆ ಯೋಜನೆಗೆ ಮುಂಚೆ ಮೂರು, ಆಮೇಲೆ ಮೂರು ಅಳತೆಗಳಾದರೂ ಇರಬೇಕೆಂದು ಕಾಕ್ರೇನ್‌ನ ಆರೋಗ್ಯ ಸೇವಾ ತಂಡ ಹೇಳುತ್ತದೆ. ಮೊದಲೇ ಇಳಿಯುತ್ತಿದ್ದ ರೇಖೆಯನ್ನು ಯೋಜನೆ ಇಳಿಸಿತು ಎಂದು ಹೇಳದಂತೆ ತಡೆಯಲು ಅದು ಬೇಕು.

ಬಯಾಸ್ ಇದೆ ಎಂದು ಗೊತ್ತಾದ ಮೇಲೆ ಅದು ಯಾವ ಕಡೆಗೆ ವಾಲುತ್ತದೆ ಎಂದೂ ಕೇಳಬೇಕು. ಪ್ರಯೋಗದ ನಡುವೆ ತರಬೇತಿ ಪಡೆದ ನರ್ಸ್ ಒಬ್ಬರಿಗೆ ಹೋಲಿಕೆಯ ಆಸ್ಪತ್ರೆಗೆ ವರ್ಗವಾಯಿತು, ಅಲ್ಲಿಯೂ ಹೊಸ ಅಭ್ಯಾಸ ಶುರುವಾಯಿತು ಎಂದುಕೊಳ್ಳಿ. ಆಗ ಎರಡು ಗುಂಪುಗಳ ಅಂತರ ಕುಗ್ಗುತ್ತದೆ. ಅಂಥ ಪ್ರಯೋಗದಲ್ಲಿ ಲಾಭ ಕಂಡರೆ ನಿಜವಾದ ಲಾಭ ಅದಕ್ಕಿಂತ ಹೆಚ್ಚೇ ಇರಬೇಕು. ಲಾಭ ಕಾಣದಿದ್ದರೆ ಮಾತ್ರ ಏನನ್ನೂ ಹೇಳಲಾಗದು. ಗುಲ್ಬರ್ಗ-ಮೈಸೂರು ವಿಮೆ ಪ್ರಯೋಗದವರು ಇಂಥ ಹರಡುವಿಕೆಯನ್ನೇ ಅಳೆಯಲು, ಪ್ರತಿ ಊರಿನಲ್ಲಿ ಎಷ್ಟು ಪಾಲು ಮನೆಗಳಿಗೆ ಯಾವ ಅವಕಾಶ ಎಂಬುದನ್ನು ಮೊದಲು ಚೀಟಿಗೆ ಹಾಕಿ, ಆಮೇಲೆ ಮನೆಗಳನ್ನು ಚೀಟಿಗೆ ಹಾಕಿದ್ದರು. ಅಕ್ಕಪಕ್ಕದ ಮನೆಯವರಿಗೆ ಕಾರ್ಡ್ ಇದ್ದಾಗ ಒಂದು ಮನೆಯವರ ಆಸ್ಪತ್ರೆ ಬಳಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಅವರು ಹೀಗೆ ಬೇರೆಯಾಗಿ ಎಣಿಸಿದರು.